ದಾರಿ ತೋರುವ ಯಂತ್ರದ ನೆನಪು

ಪತ್ರವೊಂದು ಬರೆದವರ ಕೈಯಿಂದ ಓದುವವರ ಕೈಯನ್ನು ಸೇರುವ ಮೊದಲು ಹಲವು ಅಂಚೆ ಕಚೇರಿಗಳನ್ನು ಹಾದುಹೋಗುತ್ತದೆ. ಪ್ರತಿಯೊಂದು ಕಚೇರಿಯಲ್ಲಿಯೂ ವಿಂಗಡಿಸುವವನು ವಿಳಾಸವನ್ನು ನೋಡಿ, ಅದನ್ನು ಯಾವ ಚೀಲಕ್ಕೆ ಹಾಕಬೇಕೆಂಬುದನ್ನು ನಿರ್ಧರಿಸುತ್ತಾನೆ. ಜಗತ್ತಿನ ಗಣಕಯಂತ್ರಗಳನ್ನು ಬೆಸೆದಿರುವ ಅಂತರಜಾಲದಲ್ಲಿ ಈ ಕಾರ್ಯವನ್ನು ನಿರ್ವಹಿಸುವ ಯಂತ್ರವೇ ರೂಟರ್.

ಮನೆಯ ಸಣ್ಣ ರೂಟರಿಗೆ ಹೆಚ್ಚಿನ ನೆನಪು ಬೇಕಿಲ್ಲ. ಮನೆಯೊಳಗಿನ ಯಂತ್ರಗಳನ್ನು ಅರಿತು, ಉಳಿದುದೆಲ್ಲವನ್ನೂ ಒಂದೇ ದಾರಿಯಲ್ಲಿ ಹೊರಗೆ ಕಳುಹಿಸಿದರೆ ಸಾಕು. ಆದರೆ ದೊಡ್ಡ ಜಾಲಗಳು ಕೂಡುವೆಡೆಯಲ್ಲಿ ನಿಂತ ರೂಟರ್ ಜಗತ್ತಿನ ಎಲ್ಲ ಜಾಲಗಳ ದಾರಿಯನ್ನೂ ಬಲ್ಲದಾಗಿರಬೇಕು. ಇಂತಹ ಯಂತ್ರಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ನೆನಪುಂಟು. ನೆರೆಯ ರೂಟರುಗಳು ತಿಳಿಸಿದ ದಾರಿಗಳೆಲ್ಲ ಸಾಮಾನ್ಯ ಸ್ಮರಣಕೋಶದಲ್ಲಿರುತ್ತವೆ. ನೆರೆಯವರು ಹೆಚ್ಚಿದಂತೆ ಅದರ ಅಗತ್ಯವೂ ಹೆಚ್ಚುತ್ತದೆ. ಅವುಗಳಿಂದ ಆರಿಸಿದ ಉತ್ತಮ ದಾರಿಗಳು ಮಾತ್ರ ಶೀಘ್ರ ಸ್ಮರಣಕೋಶವನ್ನು ಸೇರುತ್ತವೆ. ಇದು ತನ್ನಲ್ಲಿರುವ ನಮೂದುಗಳೆಲ್ಲವನ್ನೂ ಏಕಕಾಲದಲ್ಲಿ ಹೋಲಿಸಿ, ಕಣ್ಣೆವೆ ಇಕ್ಕುವುದಕ್ಕಿಂತ ಬೇಗನೆ ಉತ್ತರವನ್ನು ಕೊಡುತ್ತದೆ. ಆದರೆ ಇದರ ಬೆಲೆ ಅಧಿಕ; ವಿದ್ಯುತ್ತಿನ ವೆಚ್ಚವೂ ಅಧಿಕ. ಆದುದರಿಂದ ಇದನ್ನು ಮಿತವಾಗಿ ಅಳವಡಿಸುತ್ತಾರೆ.

ಈ ಮಿತಿಯ ಅರ್ಥವು 2014ರ ಆಗಸ್ಟ್ 12ರಂದು ಜಗತ್ತಿಗೆ ತಿಳಿಯಿತು. ಕೆಲವು ಹಳೆಯ ಮಾದರಿಯ ರೂಟರುಗಳ ಶೀಘ್ರ ಸ್ಮರಣಕೋಶದಲ್ಲಿ, ಬಳಕೆಯಲ್ಲಿದ್ದ ಹಳೆಯ ಬಗೆಯ ವಿಳಾಸಗಳಿಗಾಗಿ 5,24,288 ದಾರಿಗಳಷ್ಟೇ ಸ್ಥಳವಿತ್ತು. ಆ ದಿನ ಅಮೆರಿಕದ ದೊಡ್ಡ ಜಾಲವೊಂದರಿಂದ ಸಾವಿರಾರು ಹೊಸ ದಾರಿಗಳು ಒಮ್ಮೆಲೇ ಪ್ರಕಟಗೊಂಡವು. ಅಂಚಿಗೆ ಬಂದಿದ್ದ ಕೋಶಗಳು ತುಂಬಿಹೋದವು. ಸ್ಥಳ ದೊರೆಯದ ದಾರಿಗಳ ಸಂದೇಶಗಳು ನಿಧಾನವಾದವು, ಕೆಲವು ಕಳೆದೇಹೋದವು. ಅನೇಕ ಜಾಲತಾಣಗಳು ಗಂಟೆಗಟ್ಟಲೆ ದೊರೆಯದಾದವು. ಆ ಹೊಸ ದಾರಿಗಳು ಬೇಗನೆ ಹಿಂತೆಗೆಯಲ್ಪಟ್ಟರೂ, ಸಹಜವಾದ ಬೆಳವಣಿಗೆಯು ಅದೇ ಗಡಿಯನ್ನು ಸಮೀಪಿಸುತ್ತಿತ್ತು.

ವಿಚಿತ್ರವೆಂದರೆ, ಅದೇ ಕೋಶದ ಇನ್ನೊಂದು ಭಾಗವನ್ನು ಹೊಸ ಬಗೆಯ ವಿಳಾಸಗಳಿಗಾಗಿ ಮೀಸಲಿಡಲಾಗಿತ್ತು. ಅದರಲ್ಲಿ ಬಹುಪಾಲು ಬರಿದಾಗಿತ್ತು. ಹಂಚಿಕೆಯನ್ನು ಬದಲಿಸಿ ಯಂತ್ರವನ್ನು ಮರಳಿ ಚಾಲನೆಗೊಳಿಸಿದ್ದರೆ ಸಾಕಾಗಿತ್ತು. ತಯಾರಕರು ತಿಂಗಳುಗಳ ಮೊದಲೇ ಎಚ್ಚರಿಸಿದ್ದರು. ಕಿವಿಗೊಟ್ಟವರ ಜಾಲಗಳು ಪಾರಾದವು.

ಅನಂತರ ದಾರಿಗಳ ಸಂಖ್ಯೆ ಒಂಬತ್ತು ಲಕ್ಷವನ್ನೂ ಮೀರಿತು. ರೂಟರನ್ನು ಆರಿಸುವವರು ಇಂದಿನ ಅಗತ್ಯವನ್ನಷ್ಟೇ ಅಳೆದರೆ ಸಾಲದು. ಮುಂದಿನ ವರ್ಷಗಳ ಬೆಳವಣಿಗೆಯನ್ನೂ ಎಣಿಸಬೇಕು. ಕೆರೆಯು ತುಂಬಿದ ಮೇಲೆ ಏರಿಯನ್ನು ಎತ್ತರಿಸಲು ಹೊರಡುವುದು ಜಾಣತನವಲ್ಲ.