ಹತ್ತುವ ಮುನ್ನ ಬುಡ ನೋಡಿ: ತೋಟ ಹಾಗೂ ಬದುಗಳ ತೊಂದರೆ ಮರಗಳ ನಿರ್ವಹಣೆ

ಹಾಸನ ಜಿಲ್ಲೆಯಲ್ಲಿ ಮರವಿಲ್ಲದ ಹಿಡುವಳಿ ಅಪರೂಪ. ಚನ್ನರಾಯಪಟ್ಟಣ ತಾಲ್ಲೂಕು ದಕ್ಷಿಣ ಒಣ ವಲಯಕ್ಕೆ ಸೇರಿದ್ದು, ಅಲ್ಲಿ ಅನೇಕ ಸಂಸಾರಗಳಿಗೆ ತೆಂಗೇ ಆಧಾರ. ಹಾಸನ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳು ಪರಿವರ್ತನಾ ವಲಯದಲ್ಲಿವೆ. ಇಲ್ಲಿ ರಾಗಿ, ಜೋಳ, ಆಲೂಗೆಡ್ಡೆ ಹೊಲಗಳ ಬದುವಿನಲ್ಲಿ ಹೊಂಗೆ, ಬೇವು, ಹುಣಸೆ, ಹಲಸು, ಸಿಲ್ವರ್ ಮರಗಳನ್ನು ಕಾಣುತ್ತೇವೆ. ಬೆಳೆಗೆ ರೋಗ ಬಂದರೆ ರೈತರು ಕೂಡಲೇ ಎಚ್ಚೆತ್ತುಕೊಳ್ಳುತ್ತಾರೆ. ಆದರೆ ಮರಕ್ಕೆ ರೋಗ ಬಂದರೆ ಗರಿ ಜೋತುಬಿದ್ದು ಕಾಯಿ ನಿಂತ ಮೇಲೆಯೇ ಅದರ ಕಡೆ ನೋಡುವುದು ರೂಢಿಯಾಗಿದೆ. ಅಷ್ಟರಲ್ಲಿ ಮರ ಕೈ ತಪ್ಪಿರುತ್ತದೆ, ಪಕ್ಕದ ಮರಗಳಿಗೂ ರೋಗ ಹರಡಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಂತಹ ಮರವನ್ನು ಹತ್ತುವ ಕೂಲಿಕಾರನ ಪ್ರಾಣಕ್ಕೆ ಅಪಾಯವಿರುತ್ತದೆ.

ಆದುದರಿಂದ ಮರಕ್ಕೆ ಏಣಿ ಹಾಕುವ ಮೊದಲು ಅದನ್ನು ನೆಲದ ಮೇಲೆ ನಿಂತು ಪರೀಕ್ಷಿಸಬೇಕು. ಉಪಚರಿಸಬೇಕೇ, ಸವರಬೇಕೇ, ಕಡಿಯಬೇಕೇ, ಆ ಮರವನ್ನು ಹತ್ತಬಹುದೇ ಎಂಬ ನಾಲ್ಕೂ ಪ್ರಶ್ನೆಗಳಿಗೆ ಈ ಪರೀಕ್ಷೆಯಿಂದಲೇ ಉತ್ತರ ಸಿಗಬೇಕು.

ಪರೀಕ್ಷೆಯ ಕ್ರಮ

ಒಂದು ಮರಕ್ಕೆ ಐದು ನಿಮಿಷ ಸಾಕು. ಬುಡದಿಂದ ಆರಂಭಿಸಿ ತುದಿಯವರೆಗೆ ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು.

1. ಬುಡ: ಅಣಬೆ ಎದ್ದಿದೆಯೇ, ಕಂದು ರಸ ಸೋರಿದೆಯೇ, ಒಂದು ಪಕ್ಕದಲ್ಲಿ ಮಣ್ಣು ಉಬ್ಬಿ ಬಿರುಕು ಬಿಟ್ಟಿದೆಯೇ ನೋಡಿ. ಮರ ವಾಲಿದ್ದು, ಅದರ ವಿರುದ್ಧ ದಿಕ್ಕಿನಲ್ಲಿ ಮಣ್ಣು ಎದ್ದಿದ್ದರೆ ಬೇರು ಹಿಡಿತ ಬಿಡುತ್ತಿದೆ ಎಂದು ತಿಳಿಯಬೇಕು. ಎಳೆಯದರಲ್ಲಿಯೇ ವಾಲಿ ಬೆಳೆದು ತುದಿ ನೆಟ್ಟಗಾದ ಮರಕ್ಕೆ ಅಷ್ಟು ಭಯವಿಲ್ಲ. ಇತ್ತೀಚೆಗೆ ವಾಲಿದ ಮರವೇ ಅಪಾಯಕಾರಿ.

2. ಕಾಂಡ: ಮರದ ಕೊಡತಿಯಿಂದ ಕಾಂಡದ ಸುತ್ತ ತಟ್ಟಿರಿ. ಗಟ್ಟಿ ಭಾಗದ ಸದ್ದೇ ಬೇರೆ, ಪೊಳ್ಳು ಭಾಗದ ಸದ್ದೇ ಬೇರೆ. ರಂಧ್ರ, ಅಗಿದ ನಾರು, ಸೀಳು, ಸಿಡಿಲಿನ ಗಾಯಗಳನ್ನು ಗುರುತಿಸಬೇಕು.

3. ಕವಲು: ಎರಡು ದಪ್ಪ ಕೊಂಬೆಗಳು ಇಕ್ಕಟ್ಟಾಗಿ ಕೂಡುವ ಕಡೆ ಸೀಳು ಕಂಡರೆ ಮಳೆಗಾಲಕ್ಕೆ ಮೊದಲೇ ಒಂದು ಕೊಂಬೆಯ ಭಾರ ಇಳಿಸಬೇಕು.

4. ತುದಿ: ಒಣ ಕೊಂಬೆ, ಜೋತ ಗರಿ, ಓರೆಯಾದ ಸುಳಿ, ಕಡಜದ ಗೂಡು, ಹೆಜ್ಜೇನು ಇವೆಯೇ ನೋಡಬೇಕು.

5. ಸುತ್ತಮುತ್ತ: ವಿದ್ಯುತ್ ತಂತಿ, ಕೊಟ್ಟಿಗೆ, ದಾರಿ ಎಷ್ಟು ಹತ್ತಿರದಲ್ಲಿವೆ ಎಂಬುದನ್ನು ಗಮನಿಸಬೇಕು.

ತೆಂಗಿನ ತೊಂದರೆಗಳು

2016ರ ಸುಮಾರಿನ ಸತತ ಬರಗಾಲದಲ್ಲಿ ಚನ್ನರಾಯಪಟ್ಟಣ, ಅರಸೀಕೆರೆ ಕಡೆಯ ಅನೇಕ ತೋಟಗಳಲ್ಲಿ ಮರಗಳು ಒಣಗಿದ್ದನ್ನು ರೈತರು ಮರೆತಿರಲಾರರು. ನೀರಿಲ್ಲದೆ ಬಳಲಿದ ಮರಕ್ಕೆ ರೋಗ, ಕೀಟಗಳು ಬೇಗ ಅಂಟುತ್ತವೆ. ಅವುಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸಿ ಗುರುತಿಸುವುದು ಮುಖ್ಯ.

ಅಣಬೆ ರೋಗ: ಇದು ಗ್ಯಾನೋಡರ್ಮ ಎಂಬ ಶಿಲೀಂಧ್ರದಿಂದ ಬರುತ್ತದೆ. ಕೆಳಗಿನ ಸುತ್ತಿನ ಗರಿಗಳು ಹಳದಿಯಾಗಿ ಕಾಂಡಕ್ಕೆ ಅಂಟಿದಂತೆ ಜೋಲುತ್ತವೆ. ಬುಡದಲ್ಲಿ ಕಂದು ರಸ ಸೋರಲು ಆರಂಭವಾಗಿ ಮೇಲಕ್ಕೆ ಏರುತ್ತದೆ. ಬೇರು ಕೊಳೆಯುತ್ತವೆ. ಬುಡದಲ್ಲಿ ಅಣಬೆ ಏಳುವುದು ಸಾಮಾನ್ಯವಾಗಿ ಕೊನೆಯ ಹಂತದಲ್ಲಿ. ಆದ್ದರಿಂದ ಅಣಬೆ ಕಾಣುವವರೆಗೆ ಕಾಯಬಾರದು. ರೋಗ ಮಣ್ಣಿನ ಮೂಲಕ ಹರಡುವುದರಿಂದ ಮರದಿಂದ ಮರಕ್ಕೆ ನೀರು ಹರಿಸುವ ಪದ್ಧತಿ ಬಿಟ್ಟು, ಪ್ರತಿ ಮರಕ್ಕೂ ಬೇರೆ ಪಾತಿ ಮಾಡಿ ನೀರು ಕೊಡಬೇಕು. ರೋಗದ ಮರದ ಬುಡದಿಂದ 4 ಅಡಿ ದೂರದಲ್ಲಿ ಸುತ್ತಲೂ 2 ಅಡಿ ಆಳ, 1 ಅಡಿ ಅಗಲದ ಕಂದಕ ತೆಗೆಯಬೇಕು. ಶೇ. 1ರ ಬೋರ್ಡೋ ದ್ರಾವಣವನ್ನು ಮರಕ್ಕೆ 40 ಲೀಟರಿನಂತೆ ಪಾತಿಗೆ ಸುರಿಯಬೇಕು. ವರ್ಷಕ್ಕೆ 5 ಕಿಲೋ ಬೇವಿನ ಹಿಂಡಿಯನ್ನು ಟ್ರೈಕೋಡರ್ಮ ಬೆರೆಸಿ ಕೊಡಬೇಕು. ಬೋರ್ಡೋ ದ್ರಾವಣವನ್ನೂ ಟ್ರೈಕೋಡರ್ಮವನ್ನೂ ಒಟ್ಟಿಗೆ ಹಾಕಬಾರದು. ಮೈಲುತುತ್ತವು ರೋಗದ ಶಿಲೀಂಧ್ರದ ಜೊತೆಗೆ ಉಪಕಾರಿ ಶಿಲೀಂಧ್ರವನ್ನೂ ಕೊಲ್ಲುತ್ತದೆ.

ಆರಂಭದ ಹಂತದಲ್ಲಿ ಬೇರಿನ ಮೂಲಕ ಔಷಧಿ ಕೊಡುವ ಕ್ರಮವೂ ಇದೆ. ಸೀಸದ ಕಡ್ಡಿಯ ದಪ್ಪದ ಜೀವಂತ ಬೇರನ್ನು ಆರಿಸಿ, ತುದಿಯನ್ನು ಓರೆಯಾಗಿ ಕತ್ತರಿಸಿ, 100 ಮಿ.ಲೀ. ನೀರಿನಲ್ಲಿ 2 ಮಿ.ಲೀ. ಹೆಕ್ಸಾಕೊನಜೋಲ್ ಬೆರೆಸಿದ ಪಾಲಿಥೀನ್ ಚೀಲದೊಳಗೆ ಅದನ್ನು ಇಳಿಸಿ ಕಟ್ಟಬೇಕು. ಮೂರು ತಿಂಗಳಿಗೊಮ್ಮೆ ಇದನ್ನು ಮಾಡಬೇಕು. ಬಲಿತ ಕಾಯಿಗಳನ್ನು ಮೊದಲೇ ಇಳಿಸಿ, ಔಷಧಿ ಕೊಟ್ಟ ನಂತರ 45 ದಿನ ಎಳನೀರನ್ನಾಗಲಿ ಕಾಯನ್ನಾಗಲಿ ಕೀಳಬಾರದು.

ರಸ ಸೋರುವ ರೋಗ: ಕಾಂಡದ ಬಿರುಕುಗಳಿಂದ ಕೆಂಗಂದು ರಸ ಸೋರಿ ಒಣಗಿ ಕಪ್ಪಾಗುತ್ತದೆ. ಇದನ್ನು ಅಣಬೆ ರೋಗವೆಂದು ತಿಳಿದು ಮರ ಕಡಿದವರಿದ್ದಾರೆ, ಅಣಬೆ ರೋಗವನ್ನು ಇದೆಂದು ತಿಳಿದು ಸುಮ್ಮನಿದ್ದವರೂ ಇದ್ದಾರೆ. ಈ ರೋಗದಲ್ಲಿ ಕಲೆಗಳು ಕಾಂಡದ ಮೇಲ್ಭಾಗದಲ್ಲಿಯೂ ಬಿಡಿಬಿಡಿಯಾಗಿ ಕಾಣಬಹುದು, ಬುಡದಲ್ಲಿ ಅಣಬೆ ಏಳುವುದಿಲ್ಲ. ಕೊಳೆತ ಭಾಗವನ್ನು ಉಳಿಯಿಂದ ಕೆತ್ತಿ ತೆಗೆದು ಬೋರ್ಡೋ ಮುಲಾಮು ಹಚ್ಚಬೇಕು. ಮುಲಾಮಿಗೆ 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಕರಗಿಸಿ ಬೆರೆಸಬೇಕು. ಕೆತ್ತಿದ ಚೂರುಗಳನ್ನು ಬುಡದಲ್ಲಿ ಬಿಡದೆ ಸುಡಬೇಕು.

ಕೆಂಪು ಮೂತಿ ಹುಳು: ಕಾಂಡದಲ್ಲಿ ರಂಧ್ರ, ಅದರಿಂದ ಹೊರಬಂದ ಅಗಿದ ನಾರು, ಕಂದು ರಸ ಇದರ ಗುರುತು. ಕಾಂಡಕ್ಕೆ ಕಿವಿಯಿಟ್ಟರೆ ಮರಿಹುಳು ಅಗಿಯುವ ಸದ್ದು ಕೇಳಿಸುವುದುಂಟು. ಹಸಿ ಗಾಯದ ವಾಸನೆಗೆ ಈ ಹುಳು ಬರುತ್ತದೆ. ಹತ್ತಲು ಅನುಕೂಲವೆಂದು ಕಾಂಡಕ್ಕೆ ಮಚ್ಚಿನಿಂದ ಕಚ್ಚು ಹಾಕುವ ರೂಢಿ ಇದಕ್ಕೆ ಬಾಗಿಲು ತೆರೆದಂತೆ. ರಸ ಸೋರುವ ರೋಗಕ್ಕೂ ಆ ಕಚ್ಚುಗಳೇ ದಾರಿ. ಹಸಿ ಗರಿ ಕಡಿಯಬೇಕಾಗಿ ಬಂದರೆ ಕಾಂಡದ ಪಕ್ಕಕ್ಕೇ ಕಡಿಯದೆ 4 ಅಡಿ ಬುಡ ಬಿಟ್ಟು ಕಡಿಯಬೇಕು. ಸುಳಿ ಜೋತು ಬಿದ್ದ ಮರವನ್ನು ಉಳಿಸುವುದು ಕಷ್ಟ. ಅದನ್ನು ಕಡಿದು, ಹುಳು ಇರುವ ಭಾಗವನ್ನು ಸೀಳಿ ಸುಡಬೇಕು.

ಕುರುವಾಯಿ ದುಂಬಿ: ಬಿಚ್ಚಿಕೊಂಡ ಗರಿ ಕತ್ತರಿಯಿಂದ ಕತ್ತರಿಸಿದಂತೆ ಕಂಡರೆ ಇದರ ಕೆಲಸವೆಂದು ತಿಳಿಯಬೇಕು. ದುಂಬಿಯನ್ನು ಕಬ್ಬಿಣದ ಕೊಕ್ಕೆಯಿಂದ ಎಳೆದು ತೆಗೆದು, ಸುಳಿಯ ಸುತ್ತಲಿನ ಗರಿಗಳ ಸಂದಿಗೆ ಬೇವಿನ ಹಿಂಡಿ ಮತ್ತು ಮರಳನ್ನು ಸಮವಾಗಿ ಬೆರೆಸಿ ತುಂಬಬೇಕು. ಇದರ ಮರಿಗಳು ಬೆಳೆಯುವುದು ತಿಪ್ಪೆಯಲ್ಲಿ ಹಾಗೂ ಕೊಳೆಯುತ್ತಿರುವ ತೆಂಗಿನ ಕಾಂಡದಲ್ಲಿ. ಸತ್ತ ಮರವನ್ನು ತೋಟದಲ್ಲಿ ಹಾಗೆಯೇ ನಿಲ್ಲಿಸಿದರೆ ದುಂಬಿಗೆ ಮನೆ ಕಟ್ಟಿಕೊಟ್ಟಂತಾಗುತ್ತದೆ.

ಬದುವಿನ ಮರಗಳು

ಅರಕಲಗೂಡು, ಹೊಳೆನರಸೀಪುರ ಕಡೆಯ ಹೊಗೆಸೊಪ್ಪಿನ ಬೆಳೆಗಾರರಿಗೆ ಬ್ಯಾರನ್ನಿನಲ್ಲಿ ಎಲೆ ಹದ ಮಾಡಲು ಸೌದೆ ಬೇಕು. ಇದಕ್ಕಾಗಿ ಬದುವಿನ ಮರಗಳನ್ನು ತಲೆ ಬೋಳಿಸಿದಂತೆ ಕಡಿಯುವುದನ್ನು ಕಾಣುತ್ತೇವೆ. ಹೀಗೆ ಕಡಿದ ಮರದಲ್ಲಿ ಚಿಗುರು ಒತ್ತಾಗಿ ಬಂದರೂ ಅದು ತೊಗಟೆಯ ಅಂಚಿನಲ್ಲಿ ಮಾತ್ರ ಅಂಟಿಕೊಂಡಿರುತ್ತದೆ. ಕಡಿದ ಗಾಯ ಕೊಳೆತು ಒಳಗೆ ಪೊಳ್ಳಾಗುತ್ತದೆ. ಕೆಲವು ವರ್ಷಗಳಲ್ಲಿ ಚಿಗುರು ಕೊಂಬೆಯಾದಾಗ ಗಾಳಿಗೆ ಮುರಿದು ಬೀಳುತ್ತದೆ. ಇಂದಿನ ಸೌದೆ ಮುಂದಿನ ಅಪಾಯವಾಗಬಾರದು. ಒಂದು ವರ್ಷದಲ್ಲಿ ಹಸಿರು ಭಾಗದ ಕಾಲು ಪಾಲಿಗಿಂತ ಹೆಚ್ಚು ತೆಗೆಯಬಾರದು. ಬೆಳೆಗೆ ನೆರಳಾಗುವ ಮರದಲ್ಲಿ ತಲೆ ಕಡಿಯುವ ಬದಲು ಕೆಳಗಿನ ಕೊಂಬೆಗಳನ್ನು ಸವರಿದರೆ ಬಿಸಿಲು ಹೊಲಕ್ಕೆ ಬೀಳುತ್ತದೆ.

ದಪ್ಪ ಕೊಂಬೆಯನ್ನು ಮೂರು ಸಲ ಕೊಯ್ಯಬೇಕು. ಮೊದಲು ಕಾಂಡದಿಂದ ಒಂದು ಅಡಿ ಆಚೆ, ಕೊಂಬೆಯ ಕೆಳಗಿನಿಂದ ಮೂರನೇ ಒಂದು ಭಾಗ ಗರಗಸ ಹಾಕಬೇಕು. ಎರಡನೆಯದಾಗಿ ಅದರಿಂದ ಸ್ವಲ್ಪ ಆಚೆ ಮೇಲಿನಿಂದ ಕೊಯ್ದರೆ ಕೊಂಬೆ ತೊಗಟೆ ಸುಲಿಯದೆ ಬೀಳುತ್ತದೆ. ಕೊನೆಗೆ ಉಳಿದ ಮೋಟನ್ನು, ಕೊಂಬೆಯ ಬುಡದಲ್ಲಿ ಬಳೆಯಂತೆ ಉಬ್ಬಿರುವ ಭಾಗವನ್ನು ಬಿಟ್ಟು ಕೊಯ್ಯಬೇಕು. ಆ ಉಬ್ಬಿನಿಂದಲೇ ಗಾಯ ಮುಚ್ಚುವುದು. ಅದನ್ನು ಕೆತ್ತಿದರೂ, ಉದ್ದ ಮೋಟು ಬಿಟ್ಟರೂ ಗಾಯ ಮುಚ್ಚದು.

ಮಾವು, ಸಪೋಟ, ಹೊಂಗೆ ಮರಗಳಲ್ಲಿ ಬದನಿಕೆ ಕಂಡರೆ ಅದರ ಎಲೆ ಕೀಳುವುದರಿಂದ ಪ್ರಯೋಜನವಿಲ್ಲ. ಅದು ಅಂಟಿದ ಜಾಗದಿಂದ ಒಂದು ಅಡಿ ಕೆಳಗೆ ಕೊಂಬೆಯನ್ನೇ ತೆಗೆಯಬೇಕು. ಹಣ್ಣಾಗುವ ಮೊದಲೇ ತೆಗೆಯಬೇಕು, ಏಕೆಂದರೆ ಹಕ್ಕಿಗಳು ಬೀಜವನ್ನು ಬೇರೆ ಮರಗಳಿಗೆ ಒಯ್ಯುತ್ತವೆ. ಮರದ ಬೇರು ಬೆಳೆಯ ನೀರು ಹೀರುತ್ತಿದ್ದರೆ ಹೊಲದ ಕಡೆಗೆ ಮಾತ್ರ ಕಂದಕ ತೆಗೆಯಬಹುದು. ಎರಡೂ ಕಡೆ ಬೇರು ಕಡಿದ ಮರ ಗಾಳಿಗೆ ನಿಲ್ಲಲಾರದು.

ಕಡಿಯಲೇಬೇಕಾದಾಗ

ಬುಡ ಕೊಳೆತ ಮರ, ಹೊಸದಾಗಿ ವಾಲಿ ಮನೆಯ ಅಥವಾ ದಾರಿಯ ಕಡೆಗೆ ನಿಂತ ಮರ, ಸುಳಿ ಸತ್ತ ತೆಂಗು, ಇವನ್ನು ಉಳಿಸಿಕೊಳ್ಳುವುದು ವಿವೇಕವಲ್ಲ. ಆದರೆ ಕಡಿಯುವ ಮುನ್ನ ಕಾನೂನನ್ನು ತಿಳಿದಿರಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಸ್ವಂತ ಜಮೀನಿನ ಮರಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ಸಿಲ್ವರ್, ನೀಲಗಿರಿ, ಸರ್ವೆ, ಸುಬಾಬುಲ್, ಗ್ಲಿರಿಸಿಡಿಯ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಸತ್ತ, ರೋಗ ಹಿಡಿದ, ಜನರ ಪ್ರಾಣಕ್ಕೆ ಅಥವಾ ಆಸ್ತಿಗೆ ಅಪಾಯವಾದ ಮರಗಳಿಗೆ ಅನುಮತಿ ನೀಡಲು ಕಾಯಿದೆಯಲ್ಲಿ ಅವಕಾಶವಿದೆ. ಆದುದರಿಂದ ಅರ್ಜಿಯಲ್ಲಿ ಮರದ ಸ್ಥಿತಿಯನ್ನು ಸ್ಪಷ್ಟವಾಗಿ ಬರೆಯಬೇಕು. ರಸ್ತೆ ಬದಿಯ ಹಾಗೂ ಕೆರೆ ಏರಿಯ ಸರ್ಕಾರಿ ಮರಗಳಿಗೆ ರೈತರು ತಾವಾಗಿ ಕೈ ಹಾಕಬಾರದು.

ಗಟ್ಟಿ ಬುಡದ ಮರವನ್ನು ಬೀಳಬೇಕಾದ ದಿಕ್ಕಿನಲ್ಲಿ ಕಾಂಡದ ಕಾಲು ಭಾಗದಷ್ಟು ಬಾಯಿ ತೆರೆದು, ಹಿಂಬದಿಯಿಂದ ಸ್ವಲ್ಪ ಎತ್ತರದಲ್ಲಿ ಗರಗಸ ಹಾಕಬೇಕು. ನಡುವೆ ಕಾಂಡದ ಹತ್ತನೇ ಒಂದು ಭಾಗದಷ್ಟು ಮರವನ್ನು ಕೊಯ್ಯದೆ ಬಿಡಬೇಕು. ಅದೇ ಬಾಗಿಲಿನ ತಿರುಗಣೆಯಂತೆ ಮರವನ್ನು ನಡೆಸಿಕೊಂಡು ಹೋಗುತ್ತದೆ. ಬುಡ ಕೊಳೆತ ಮರದಲ್ಲಿ ಈ ತಿರುಗಣೆ ನಿಲ್ಲುವುದಿಲ್ಲ, ಮರ ಯಾವ ಕಡೆಗಾದರೂ ಬೀಳಬಹುದು. ಅಂತಹ ಮರವನ್ನು ಅನುಭವಿಗಳೇ ದೂರದಿಂದ ಹಗ್ಗ ಅಥವಾ ಯಂತ್ರದ ಸಹಾಯದಿಂದ ಕೆಡವಬೇಕು. ಮರದ ಎತ್ತರದ ಎರಡರಷ್ಟು ದೂರದೊಳಗೆ ಬೇರೆ ಯಾರೂ ಇರಕೂಡದು. ಅಣಬೆ ರೋಗದಿಂದ ಸತ್ತ ತೆಂಗಿನ ಬುಡವನ್ನು ಬೇರು ಸಮೇತ ಅಗೆದು ಸುಡದಿದ್ದರೆ ರೋಗ ಮಣ್ಣಿನಲ್ಲೇ ಉಳಿಯುತ್ತದೆ.

ತಂತಿಯ ಬಳಿಯ ಮರಕ್ಕೆ ಹತ್ತುವುದು ಬೇಡ. ಹಸಿ ಗರಿ, ಹಸಿ ಬಿದಿರು, ಅಲ್ಯೂಮಿನಿಯಂ ಏಣಿ ಮೂರರಲ್ಲೂ ವಿದ್ಯುತ್ ಹರಿಯುತ್ತದೆ. ನಮ್ಮ ಜಿಲ್ಲೆಗೆ ವಿದ್ಯುತ್ ಒದಗಿಸುವ ಚಾಮುಂಡೇಶ್ವರಿ ನಿಗಮದ ಕಚೇರಿಗೆ ಅಥವಾ 1912 ಸಂಖ್ಯೆಗೆ ತಿಳಿಸಿ, ಲೈನ್‌ಮನ್ ಬಂದು ವಿದ್ಯುತ್ ನಿಲ್ಲಿಸಿದ ಮೇಲೆಯೇ ಕೆಲಸ ಆರಂಭಿಸಬೇಕು.

ಮರ ಹತ್ತುವವರ ವಿಚಾರ

ಮರ ಹತ್ತುವವರು ಸಿಗುವುದಿಲ್ಲ ಎಂಬ ದೂರು ಎಲ್ಲ ಹಳ್ಳಿಗಳಲ್ಲಿಯೂ ಇದೆ. ತಂದೆ ಮಾಡಿದ ಕೆಲಸವನ್ನು ಮಗ ಏಕೆ ಬಿಟ್ಟ ಎಂದು ಯೋಚಿಸಿದರೆ ಉತ್ತರ ದೂರವಿಲ್ಲ. ಮರವೊಂದಕ್ಕೆ ಇಷ್ಟು ಎಂದು ಕೂಲಿ ಗೊತ್ತು ಮಾಡುವುದರಿಂದ ಅವನಿಗೆ ಬುಡ ನೋಡಲು ಪುರುಸೊತ್ತು ಇರುವುದಿಲ್ಲ. ಬಿದ್ದರೆ ಸಂಸಾರಕ್ಕೆ ಆಸರೆ ಇರುವುದಿಲ್ಲ. ರೋಗ ಹಿಡಿದ ಮರಗಳಿರುವ ತೋಟದಲ್ಲಿ ದಿನದ ಲೆಕ್ಕದಲ್ಲಿ ಕೂಲಿ ಕೊಡುವುದು ನ್ಯಾಯ. ಯಾವ ಮರದಲ್ಲಿ ರಸ ಸೋರಿದೆ, ಯಾವುದು ಪೊಳ್ಳು ಎಂಬುದನ್ನು ತೋಟದವರೇ ಮೊದಲು ಹೇಳಬೇಕು. ಅಂತಹ ಮರಕ್ಕೆ ಸುಣ್ಣದ ಗುರುತು ಹಾಕಿದರೆ ಇನ್ನೂ ಒಳ್ಳೆಯದು. ಈ ಮರ ಹತ್ತುವುದಿಲ್ಲ ಎಂದು ಅವನು ಹೇಳಿದರೆ ಒತ್ತಾಯಿಸಬಾರದು. ಅವನ ಅನುಭವವೂ ಒಂದು ಪರೀಕ್ಷೆಯೇ.

ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿ ಕಾರ್ಯಕ್ರಮವನ್ನು ಆರಂಭಿಸಿತು. ಇದರಲ್ಲಿ ಯಂತ್ರದ ಸಹಾಯದಿಂದ ಮರ ಹತ್ತುವುದು, ಸುಳಿ ಶುಚಿ ಮಾಡುವುದು, ರೋಗ ಕೀಟ ಗುರುತಿಸುವುದು ಮುಂತಾದುವನ್ನು ಕಲಿಸಲಾಗುತ್ತದೆ. ಹತ್ತುವ ಯಂತ್ರವಿದ್ದರೆ ಕಾಂಡಕ್ಕೆ ಕಚ್ಚು ಹಾಕುವ ಅಗತ್ಯವೇ ಇಲ್ಲ, ಮನುಷ್ಯನಿಗೂ ಮರಕ್ಕೂ ಕ್ಷೇಮ. ಮರ ಹತ್ತುವವರಿಗೆ ಮಂಡಳಿಯ ಕೇರ ಸುರಕ್ಷಾ ವಿಮೆಯೂ ಇದೆ. ಯಂತ್ರವಿದ್ದರೂ ಸುರಕ್ಷತಾ ಪಟ್ಟಿ ಕಟ್ಟಿಕೊಳ್ಳಬೇಕು, ಮಳೆಯಲ್ಲಿ ನೆನೆದ ಮರ ಹತ್ತಬಾರದು, ಕೆಳಗೆ ಒಬ್ಬ ಸಹಾಯಕ ಇರಲೇಬೇಕು.

ಕೆಲಸದ ಕಾಲ

ಬೇಸಿಗೆಯ ಗುಡುಗು ಮಳೆಗಳ ಜೊತೆಗೆ ಬಿರುಗಾಳಿ ಬರುತ್ತದೆ. ಆದುದರಿಂದ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಎಲ್ಲ ಮರಗಳನ್ನೂ ಪರೀಕ್ಷಿಸಿ ಪಟ್ಟಿ ಮಾಡಬೇಕು. ಮಾರ್ಚ್ ಮುಗಿಯುವುದರೊಳಗೆ ಅನುಮತಿ ಪಡೆದು, ಅಶ್ವಿನಿ, ಭರಣಿ ಮಳೆಗೆ ಮೊದಲೇ ಸವರುವ ಹಾಗೂ ಕಡಿಯುವ ಕೆಲಸ ಮುಗಿಸಬೇಕು. ಕಡಿದ ಜಾಗದಲ್ಲಿ ಮುಂಗಾರಿನಲ್ಲಿ ಹೊಸ ಸಸಿ ನೆಡಬಹುದು. ಅಣಬೆ ರೋಗ ಬಂದಿದ್ದ ಗುಂಡಿಯಲ್ಲಿ ಮಾತ್ರ ಕೂಡಲೇ ತೆಂಗು ನೆಡಬಾರದು.

ಗ್ರಾಮ ಮಟ್ಟದ ಕಾರ್ಯಕರ್ತರು ಹಳ್ಳಿಗೊಂದು ತೋಟವನ್ನು ಆರಿಸಿಕೊಂಡು, ರೈತರನ್ನೂ ಮರ ಹತ್ತುವವರನ್ನೂ ಒಟ್ಟಿಗೆ ಸೇರಿಸಿ ಈ ಪರೀಕ್ಷೆಯನ್ನು ಮಾಡಿ ತೋರಿಸಬೇಕು. ರೋಗದ ಬಗ್ಗೆ ಸಂಶಯವಿದ್ದಲ್ಲಿ ಹಾಸನದ ಬಳಿಯ ಕಂದಲಿ ಕೃಷಿ ವಿಜ್ಞಾನ ಕೇಂದ್ರ ಅಥವಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯನ್ನು ಸಂಪರ್ಕಿಸಿ ಸಲಹೆ ಪಡೆಯಬಹುದು. ಮರ ಒಂದು ತಲೆಮಾರಿನ ಆಸ್ತಿ. ಅದನ್ನು ಹತ್ತುವವನು ಒಂದು ಮನೆಯ ಆಧಾರ. ಎರಡನ್ನೂ ಕಾಪಾಡಲು ಬುಡದ ಬಳಿ ಕಳೆಯುವ ಐದು ನಿಮಿಷ ದೊಡ್ಡದಲ್ಲ.