ಹನ್ನೊಂದೂವರೆ ಓವರ್ ಅಂದರೆ ಎಷ್ಟು ಬಾಲು?



ಕ್ರಿಕೆಟ್ ಎಂದರೆ ಯಾರಿಗೆ ತಾನೇ ಇಷ್ಟವಿಲ್ಲ? ಸಿಕ್ಸರ್ ಹೊಡೆದವನ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ವಿಕೆಟ್ ಕಿತ್ತವನ ಹೆಸರೂ ಇರುತ್ತದೆ. ಆದರೆ ಬೇವಿನ ಮರದ ಕೆಳಗೆ ಬೆಂಚು ಹಾಕಿಕೊಂಡು ಒಂದೊಂದು ಬಾಲನ್ನೂ ಬರೆದುಕೊಳ್ಳುವ ಸ್ಕೋರರ್ ಯಾರೆಂದು ಯಾರೂ ಕೇಳುವುದಿಲ್ಲ. ಎರಡು ವರ್ಷದಿಂದ ನಮ್ಮ ಶಾಲೆಯ ಸ್ಕೋರರ್ ನಾನೇ. ಈ ಸಲ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಲು ಹೋಗಿ ಒಂದು ತಪ್ಪು ಮಾಡಿದೆ. ಅದರಿಂದ ಒಂದು ತಂಡಕ್ಕೆ ಫೈನಲ್ಲೇ ತಪ್ಪಿಹೋಗುವುದರಲ್ಲಿತ್ತು. ನನಗಾದದ್ದು ನಿಮಗೆ ಆಗಬಾರದು ಎಂದು ಈ ಪಾಠ ಬರೆದಿದ್ದೇನೆ. ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದುಕೊಂಡೇ ಓದಿರಿ.

1. ಸ್ಕೋರರ್ ಕೆಲಸ ಏನು?

ಕ್ರಿಕೆಟ್ಟಿನ ನಿಯಮಗಳನ್ನು ಬರೆಯುವುದು ಲಂಡನ್ನಿನ ಎಂ.ಸಿ.ಸಿ. ಎಂಬ ಕ್ಲಬ್ಬು. ಈಗಿನ ನಿಯಮಾವಳಿಯಲ್ಲಿ 3ನೇ ನಿಯಮ ಪೂರ್ತಿ ಸ್ಕೋರರುಗಳದ್ದೇ. ಅದರ ಪ್ರಕಾರ ಒಬ್ಬರಲ್ಲ, ಇಬ್ಬರು ಸ್ಕೋರರುಗಳು ಇರಬೇಕು. ಇಬ್ಬರೂ ಆಗಾಗ ತಮ್ಮ ತಮ್ಮ ಲೆಕ್ಕ ತಾಳೆ ನೋಡಿಕೊಳ್ಳಬೇಕು. ಅಂಪೈರ್ ಸನ್ನೆ ಮಾಡಿದ ಕೂಡಲೇ ‘ನೋಡಿದೆ’ ಎಂದು ತಿಳಿಸಬೇಕು. ನಾವು ಕೈ ಎತ್ತುತ್ತೇವೆ. ಅದನ್ನು ನೋಡುವ ತನಕ ಅಂಪೈರ್ ಮುಂದಿನ ಬಾಲು ಹಾಕಿಸುವಂತಿಲ್ಲ. ನೋಡಿದಿರಾ, ಮರದ ಕೆಳಗೆ ಕೂತವನಿಗೂ ಎಷ್ಟು ಬೆಲೆ!

ಈ ಕೆಲಸದಲ್ಲೇ ಹೆಸರು ಮಾಡಿದವರೂ ಇದ್ದಾರೆ. ಆಸ್ಟ್ರೇಲಿಯಾದ ಬಿಲ್ ಫರ್ಗೂಸನ್ 1905ರ ಪ್ರವಾಸದಿಂದ ಶುರುಮಾಡಿ ಸುಮಾರು ಐವತ್ತು ವರ್ಷ ತಂಡಗಳ ಜೊತೆ ಊರೂರು ತಿರುಗಿ ಸ್ಕೋರ್ ಬರೆದರು. ಇಂಗ್ಲೆಂಡಿನ ಬಿಲ್ ಫ್ರಿಂಡಾಲ್ 1966ರಿಂದ 2008ರವರೆಗೆ ಬಿ.ಬಿ.ಸಿ. ರೇಡಿಯೋ ಕಾಮೆಂಟರಿಯ ಸ್ಕೋರರ್ ಆಗಿದ್ದರು. ಅವರು ಒಂದೊಂದು ಓವರಿಗೆ ಒಂದೊಂದು ಸಾಲು ಹಾಕಿ, ಯಾವ ಬಾಲನ್ನು ಯಾರು ಹಾಕಿದರು, ಯಾರು ಆಡಿದರು, ಏನಾಯಿತು ಎಂದು ಬರೆಯುತ್ತಿದ್ದರು. ಇಂದಿನ ಸಾಫ್ಟ್‌ವೇರ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ.

2. ಸಾಫ್ಟ್‌ವೇರಿನಲ್ಲಿ ಬರೆಯುವ ಬಗೆ

ಕ್ರಿಕ್‌ಹೀರೋಸ್‌ನಂಥ ಆ್ಯಪ್‌ಗಳನ್ನು ನಿಮ್ಮ ಅಣ್ಣಂದಿರ ಫೋನಿನಲ್ಲಿ ನೋಡಿರಬಹುದು. ಹೆಸರು ಬೇರೆ ಬೇರೆ ಇದ್ದರೂ ಕ್ರಮ ಒಂದೇ.

ಅ) ಮೊದಲು ಎರಡೂ ತಂಡಗಳ ಆಟಗಾರರ ಹೆಸರು, ಎಷ್ಟು ಓವರಿನ ಆಟ, ಟಾಸ್ ಯಾರದು ಎಂದು ತುಂಬಬೇಕು.

ಆ) ಬಾಲು ಎದುರಿಸುವವರು ಯಾರು, ಆಚೆ ತುದಿಯಲ್ಲಿ ನಿಂತವರು ಯಾರು, ಬೌಲರ್ ಯಾರು ಎಂದು ಆರಿಸಬೇಕು.

ಇ) ಒಂದೊಂದು ಬಾಲು ಆದ ಮೇಲೂ 0, 1, 2, 3, 4, 6 ಇವುಗಳಲ್ಲಿ ಒಂದನ್ನು ಒತ್ತಬೇಕು. ವೈಡ್, ನೋಬಾಲ್, ಬೈ, ಲೆಗ್‌ಬೈ, ವಿಕೆಟ್ ಇವಕ್ಕೆ ಬೇರೆ ಗುಂಡಿಗಳಿವೆ.

ಈ) ತಪ್ಪು ಒತ್ತಿದರೆ ಹಿಂದಕ್ಕೆ ತೆಗೆಯುವ ಗುಂಡಿಯೂ ಇದೆ. ಆದರೆ ಮುಂದಿನ ಬಾಲಿಗೆ ಮೊದಲೇ ತೆಗೆಯಬೇಕು. ಆಮೇಲೆ ಹುಡುಕುತ್ತಾ ಕೂತರೆ ಎರಡು ಬಾಲು ತಪ್ಪಿಹೋಗುತ್ತವೆ.

ಪುಸ್ತಕದಲ್ಲಾದರೆ ಒಂದು ರನ್ನಿಗೆ ಬ್ಯಾಟ್ಸ್‌ಮನ್ ಸಾಲಿನಲ್ಲಿ, ಬೌಲರ್ ಸಾಲಿನಲ್ಲಿ, ಒಟ್ಟು ಮೊತ್ತದಲ್ಲಿ, ಹೀಗೆ ಮೂರು ಕಡೆ ಬರೆಯಬೇಕು. ಸಾಫ್ಟ್‌ವೇರಿನಲ್ಲಿ ಒಂದು ಸಲ ಒತ್ತಿದರೆ ಎಲ್ಲ ಕಡೆಯೂ ತುಂಬಿಕೊಳ್ಳುತ್ತದೆ. ಒಂದು ರನ್ ಓಡಿದರೆ ಬ್ಯಾಟ್ಸ್‌ಮನ್‌ಗಳ ತುದಿಯನ್ನೂ ಅದೇ ಬದಲಾಯಿಸುತ್ತದೆ. ವೈಡ್, ನೋಬಾಲುಗಳನ್ನು ಬಿಟ್ಟು ಆರು ಬಾಲು ಎಣಿಸಿ, ‘ಮುಂದಿನ ಬೌಲರ್ ಯಾರು?’ ಎಂದು ಕೇಳುತ್ತದೆ.

ಆದರೆ ಅದಕ್ಕೆ ಕಣ್ಣಿಲ್ಲ. ಬಾಲು ಬ್ಯಾಟಿಗೆ ತಾಗಿತೋ, ಕಾಲಿಗೆ ತಾಗಿತೋ ಎಂದು ಅಂಪೈರನ್ನು ನೋಡಿ ಹೇಳಬೇಕಾದವರು ನಾವೇ. ಬೇವು ಬಿತ್ತಿ ಮಾವು ಬಯಸಿದರೆ ಬರುತ್ತದೆಯೇ?

3. ತಾಳೆ ನೋಡುವ ಎರಡು ದಾರಿ

ನಮ್ಮ ತಂಡದ ಒಂದು ಆಟದ ಲೆಕ್ಕವನ್ನೇ ನೋಡೋಣ. ಒಟ್ಟು 86 ರನ್.

ಮೊದಲ ದಾರಿ: ಬ್ಯಾಟಿನಿಂದ ಬಂದದ್ದು 74. ಇತರೆ 12 (ವೈಡ್ 5, ನೋಬಾಲ್ 2, ಬೈ 3, ಲೆಗ್‌ಬೈ 2). 74 + 12 = 86.

ಎರಡನೇ ದಾರಿ: ವೈಡ್, ನೋಬಾಲು ಬೌಲರನ ಖಾತೆಗೆ ಬೀಳುತ್ತವೆ. ಬೈ, ಲೆಗ್‌ಬೈ ಬೀಳುವುದಿಲ್ಲ. ಹಾಗಾಗಿ ಎಲ್ಲಾ ಬೌಲರುಗಳು ಕೊಟ್ಟದ್ದು 74 + 5 + 2 = 81. ಅದಕ್ಕೆ ಬೈ 3, ಲೆಗ್‌ಬೈ 2 ಸೇರಿಸಿದರೆ 86.

ಎರಡೂ ಕೂಡಿದರೆ ಲೆಕ್ಕ ಸರಿ. ಕೂಡದಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ.

4. ನಾನು ಎಡವಿದ್ದು ಎಲ್ಲಿ?

ಮೂರು ಊರಿನ ಶಾಲೆಗಳ ನಡುವೆ 12 ಓವರಿನ ಪಂದ್ಯಗಳಿದ್ದವು. ಮೂರೂ ತಂಡಗಳು ಒಂದೊಂದು ಆಟ ಗೆದ್ದವು. ಎಲ್ಲರ ಅಂಕ ಸಮ. ಹಾಗಾದರೆ ರನ್ ರೇಟ್ ನೋಡಬೇಕು, ಅಂದರೆ ಒಂದು ಓವರಿಗೆ ಸರಾಸರಿ ಎಷ್ಟು ರನ್ ಎಂದು, ಅಂತ ಟಾಸಿಗೆ ಮುಂಚೆಯೇ ತೀರ್ಮಾನವಾಗಿತ್ತು. (ದೊಡ್ಡ ಪಂದ್ಯಾವಳಿಗಳಲ್ಲಿ ಎದುರಾಳಿಗೆ ಬಿಟ್ಟುಕೊಟ್ಟ ರನ್ ರೇಟನ್ನು ಇದರಿಂದ ಕಳೆಯುತ್ತಾರೆ. ಅದಕ್ಕೆ ನೆಟ್ ರನ್ ರೇಟ್ ಎಂದು ಹೆಸರು. ನಮ್ಮದು ಸುಲಭದ ಲೆಕ್ಕ.) ಮೂರನೆಯ ಶಾಲೆ ನಮ್ಮ 72 ರನ್ನನ್ನು 9 ಓವರಿನಲ್ಲೇ ದಾಟಿ ಎಲ್ಲರಿಗಿಂತ ಮುಂದಿತ್ತು. ಉಳಿದ ಒಂದು ಜಾಗಕ್ಕೆ ನಾವು ಮತ್ತು ಪಕ್ಕದೂರಿನವರು.

ನಾವು: ಒಂದು ಆಟದಲ್ಲಿ 11.5 ಓವರಿಗೆ 86, ಇನ್ನೊಂದರಲ್ಲಿ 12 ಓವರಿಗೆ 72. ಒಟ್ಟು 158 ರನ್.

ಪಕ್ಕದೂರು: 12 ಓವರಿಗೆ 85, ಮತ್ತೆ 12 ಓವರಿಗೆ 75. ಒಟ್ಟು 160 ರನ್.

ಆ್ಯಪ್ ಕೊಟ್ಟ ಈ ಅಂಕಿಗಳೆಲ್ಲ ಸರಿಯಾಗೇ ಇದ್ದವು. ನಾನು ಅವನ್ನು ಶಾಲೆಯ ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆಗೆ ಇಳಿಸಿದೆ. ಓವರುಗಳನ್ನು ಕೂಡಿಸಿದೆ: 11.5 + 12 = 23.5. ಭಾಗಿಸಿದೆ: ನಮ್ಮದು 6.72, ಅವರದು 6.67. ನಾವು ಫೈನಲ್‌ಗೆ! ಹುಡುಗರು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಪಕ್ಕದೂರಿನ ಸ್ಕೋರರ್ ನೋಟ್‌ಬುಕ್ಕು ತೆರೆದುಕೊಂಡೇ ನಿಂತಿದ್ದ. ನಾನು ಹಾಳೆ ತೋರಿಸಿದೆ. “ಕಂಪ್ಯೂಟರ್ ಲೆಕ್ಕ ಅಂದ್ಮೇಲೆ ತಪ್ಪಾಗುತ್ತಾ?” ಅಂದು ಅವನು ಪುಸ್ತಕ ಮುಚ್ಚಿಬಿಟ್ಟ.

ರಾತ್ರಿ ಮನೆಯಲ್ಲಿ ಇದೇ ಲೆಕ್ಕವನ್ನು ಪುಸ್ತಕಕ್ಕೆ ಬರೆಯುತ್ತಿದ್ದೆ. ದಶಮಾಂಶ ಈಗಷ್ಟೇ ಕಲಿಯುತ್ತಿರುವ ನನ್ನ ತಂಗಿ ಬಗ್ಗಿ ನೋಡಿ ಕೇಳಿದಳು: “ಅಣ್ಣಾ, 11.5 ಅಂದ್ರೆ ಹನ್ನೊಂದೂವರೆ ಅಲ್ವಾ? ಅರ್ಧ ಓವರಿಗೆ ಎಷ್ಟು ಬಾಲು?”

“ಮೂರು” ಅಂದೆ.

“ಮತ್ತೆ ನೀವು ಐದು ಬಾಲು ಆಡಿದ್ರಿ ಅಂದ್ಯಲ್ಲ?”

ನನ್ನ ಕೈ ಅಲ್ಲೇ ನಿಂತಿತು.

5. ಚುಕ್ಕೆಯ ಗುಟ್ಟು

ಗೆಳೆಯರೇ, ಓವರ್ ಬರೆಯುವಾಗ ಹಾಕುವ ಚುಕ್ಕೆ ದಶಮಾಂಶದ ಚುಕ್ಕೆ ಅಲ್ಲ! 11.5 ಅಂದರೆ 11 ಓವರು, ಮತ್ತೆ 5 ಬಾಲು. ಸ್ಕೋರ್ ಬರೆಯುವ ಸಾಫ್ಟ್‌ವೇರಿಗೆ ಇದು ಗೊತ್ತು, ಏಕೆಂದರೆ ಅದು ಬಾಲುಗಳನ್ನೇ ಎಣಿಸುತ್ತದೆ. ಎಕ್ಸೆಲ್ ಹಾಳೆಗೆ ಗೊತ್ತಿಲ್ಲ. ಅದಕ್ಕೆ 11.5 ಅಂದರೆ ಹನ್ನೊಂದೂವರೆಯೇ. ಹಾಗಾಗಿ ನಮ್ಮ ಎರಡು ಬಾಲುಗಳನ್ನು ಅದು ನುಂಗಿಹಾಕಿತ್ತು.

ಸರಿಯಾದ ದಾರಿ ಹೀಗಿದೆ. ಎಲ್ಲವನ್ನೂ ಮೊದಲು ಬಾಲಿಗೆ ಇಳಿಸಿಕೊಳ್ಳಿ.

11.5 ಓವರ್ = 11 × 6 + 5 = 71 ಬಾಲು
12 ಓವರ್ = 72 ಬಾಲು
ಒಟ್ಟು 143 ಬಾಲು

ಆಮೇಲೆ ರನ್ನನ್ನು 6ರಿಂದ ಗುಣಿಸಿ, ಬಾಲುಗಳಿಂದ ಭಾಗಿಸಿ: 158 × 6 ÷ 143 = 6.63.

ಪಕ್ಕದೂರಿನವರದು 160 × 6 ÷ 144 = 6.67. ಅಂದರೆ ಫೈನಲ್‌ಗೆ ಹೋಗಬೇಕಾದವರು ಅವರು!

ಹಾಳೆಯಲ್ಲಿ ಮಾಡುವುದಾದರೆ ‘ಓವರ್’ ಎಂಬ ಒಂದೇ ಕಾಲಂ ಬದಲು ‘ಪೂರ್ತಿ ಓವರ್’, ‘ಮಿಕ್ಕ ಬಾಲು’ ಎಂದು ಎರಡು ಕಾಲಂ ಮಾಡಿರಿ. ಮೂರನೆಯ ಕಾಲಮ್ಮಿನಲ್ಲಿ ಒಟ್ಟು ಬಾಲು ಬರಲಿ. ಇನ್ನೊಂದು ಮಾತು: ನೆಟ್ ರನ್ ರೇಟ್ ಲೆಕ್ಕದಲ್ಲಿ ತಂಡ ಆಲೌಟ್ ಆದರೆ ಆಡಿದ ಬಾಲುಗಳನ್ನಲ್ಲ, ಅದಕ್ಕೆ ಸಿಗಬೇಕಿದ್ದ ಪೂರ್ತಿ ಓವರುಗಳನ್ನು ಹಿಡಿಯುತ್ತಾರೆ. ನಮ್ಮ ಪಂದ್ಯಗಳಲ್ಲಿ ಯಾರೂ ಆಲೌಟ್ ಆಗಿರಲಿಲ್ಲ.

ನಮ್ಮ ಅನಿಲ್ ಕುಂಬ್ಳೆಯವರ ಲೆಕ್ಕವನ್ನೂ ನೋಡಿರಿ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು ಒಬ್ಬರೇ ಕಿತ್ತರಲ್ಲ, ಆಗ ಅವರ ಬೌಲಿಂಗ್ 26.3–9–74–10. ಅಂದರೆ 26 ಓವರು 3 ಬಾಲು, 9 ಮೇಡನ್, 74 ರನ್, 10 ವಿಕೆಟ್. ಒಟ್ಟು ಬಾಲು 26 × 6 + 3 = 159. ಇಲ್ಲಿ 26.3 ಎಂಬುದೇ ನಿಜವಾಗಿ ಇಪ್ಪತ್ತಾರೂವರೆ ಓವರು!

ಆರು ಎಂಬುದು ಕೂಡ ಎಲ್ಲ ಕಾಲಕ್ಕೂ ನಿಂತ ಮಾತಲ್ಲ. ಆಸ್ಟ್ರೇಲಿಯಾದಲ್ಲಿ 1978–79ರವರೆಗೆ ಓವರಿಗೆ 8 ಬಾಲು ಇದ್ದವು. ಇಂಗ್ಲೆಂಡಿನಲ್ಲಿ 2021ರಲ್ಲಿ ಶುರುವಾದ ‘ದಿ ಹಂಡ್ರೆಡ್’ ಆಟದಲ್ಲಿ ಐದೈದು ಬಾಲುಗಳ ಲೆಕ್ಕ. ಆದ್ದರಿಂದ ಓವರಿಗಿಂತ ಬಾಲನ್ನು ನಂಬುವುದೇ ಕ್ಷೇಮ.

ದೊಡ್ಡವರೂ ಲೆಕ್ಕದಲ್ಲಿ ಎಡವಿದ್ದಾರೆ. 2003ರ ವಿಶ್ವಕಪ್ಪಿನಲ್ಲಿ, ಡರ್ಬನ್ನಿನಲ್ಲಿ, ಶ್ರೀಲಂಕಾದ ಎದುರು ದಕ್ಷಿಣ ಆಫ್ರಿಕಾ ಆಡುತ್ತಿತ್ತು. ಮಳೆ ಬರುವುದರಲ್ಲಿತ್ತು. ಮಳೆ ಬಂದು ಆಟ ನಿಂತರೆ ಎಷ್ಟು ರನ್ ಆಗಿರಬೇಕು ಎಂದು ತೋರಿಸುವ ಡಕ್‌ವರ್ತ್–ಲೂಯಿಸ್ ಪಟ್ಟಿ ಅವರ ಕೈಯಲ್ಲೇ ಇತ್ತು. 45 ಓವರಿಗೆ 229 ಎಂದಿತ್ತು. ಅದು ಸಮವಾಗುವ ಅಂಕಿ. ಗೆಲ್ಲಲು 230 ಬೇಕು. ಅವರು 229ನ್ನೇ ಗೆಲುವಿನ ಅಂಕಿ ಎಂದು ಓದಿಕೊಂಡರು. ಮಾರ್ಕ್ ಬೌಚರ್ ಸಿಕ್ಸರ್ ಹೊಡೆದು 229 ಮಾಡಿ, ಆ ಓವರಿನ ಕೊನೆಯ ಬಾಲನ್ನು ಸುಮ್ಮನೆ ತಡೆದರು. ಆಟ ಮುಂದುವರಿಯಲಿಲ್ಲ. ಪಂದ್ಯ ಟೈ ಆಯಿತು. ತಮ್ಮ ನೆಲದಲ್ಲೇ ನಡೆದ ವಿಶ್ವಕಪ್ಪಿನಿಂದ ದಕ್ಷಿಣ ಆಫ್ರಿಕಾ ಹೊರಬಿತ್ತು. ಪಟ್ಟಿಯಲ್ಲಿ ತಪ್ಪಿರಲಿಲ್ಲ, ಓದಿದ್ದರಲ್ಲಿತ್ತು.

6. ಆಮೇಲೆ ಏನಾಯಿತು?

ಬೆಳಿಗ್ಗೆ ಮೊದಲು ನಮ್ಮ ಕ್ಯಾಪ್ಟನ್ನಿಗೆ ಹೇಳಿದೆ. “ಲೇ, ಸುಮ್ನಿರೋ. ಅವರೇ ಒಪ್ಕೊಂಡಿದಾರೆ. ಅದೂ ಅಲ್ದೆ ನಾವೇ ಅವರನ್ನ ಸೋಲಿಸಿದೀವಿ. ಈಗ ಅವರು ಫೈನಲ್ ಆಡೋದು, ನಾವು ಚಪ್ಪಾಳೆ ತಟ್ಟೋದಾ?” ಅಂದ.

ಅವನ ಮಾತಲ್ಲೂ ಹುರುಳಿತ್ತು. ಸೋಲಿಸಿದವರು ಹೊರಗೆ, ಸೋತವರು ಒಳಗೆ ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ನಿಯಮ ಸರಿಯಿಲ್ಲ ಅನ್ನುವುದಿದ್ದರೆ ಆಟಕ್ಕೆ ಮುಂಚೆ ಅನ್ನಬೇಕಿತ್ತು. ಅವರು ಒಪ್ಪಿಕೊಂಡದ್ದು ನಮ್ಮ ಗೆಲುವನ್ನಲ್ಲ, ನನ್ನ ಲೆಕ್ಕವನ್ನು. ಆ ಲೆಕ್ಕ ತಪ್ಪು ಎಂದು ಆಗ ಗೊತ್ತಿದ್ದವನು ನಾನೊಬ್ಬನೇ.

ಪಿ.ಟಿ. ಮೇಷ್ಟ್ರ ಹತ್ತಿರ ಹೋಗಿ ಪುಸ್ತಕ ತೋರಿಸಿದೆ. ಅವರು ಎರಡು ಸಲ ಲೆಕ್ಕ ಮಾಡಿ ನೋಡಿದರು. ಬೈಯಲಿಲ್ಲ. ಫೋನ್ ಮಾಡಿ ಪಕ್ಕದೂರಿಗೆ ತಿಳಿಸಿದರು. ಕ್ಯಾಪ್ಟನ್ ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ.

ಫೈನಲ್ ದಿನ ನಾನು, ಪಕ್ಕದೂರಿನ ಸ್ಕೋರರ್ ಒಂದೇ ಬೆಂಚಿನಲ್ಲಿ ಕೂತೆವು. ಅವನ ಕೈಯಲ್ಲಿ ಪುಸ್ತಕ, ನನ್ನ ಕೈಯಲ್ಲಿ ಫೋನು. ಓವರ್ ಮುಗಿದಾಗಲೆಲ್ಲ ಅವನು ತನ್ನ ಮೊತ್ತ ಜೋರಾಗಿ ಹೇಳಬೇಕು, ನಾನು ನನ್ನದು ಹೇಳಬೇಕು ಎಂದು ಮಾತಾಯಿತು. ಏಳನೇ ಓವರಿನಲ್ಲಿ ಒಂದು ರನ್ ವ್ಯತ್ಯಾಸ ಬಂತು. ನಾನು ಒಂದು ಲೆಗ್‌ಬೈ ಒತ್ತುವುದನ್ನೇ ಮರೆತಿದ್ದೆ. ಕೂಡಲೇ ಸರಿಮಾಡಿದೆ. ಇಬ್ಬರು ಸ್ಕೋರರ್ ಏಕೆ ಬೇಕೆಂದು ಅವತ್ತು ನನಗೆ ಚೆನ್ನಾಗಿ ಅರ್ಥವಾಯಿತು. ಕಂಪ್ಯೂಟರ್ ಬಂದ ಮೇಲೂ ಆ ಎರಡನೇ ನೋಟ್‌ಬುಕ್ಕು ಮುಚ್ಚಬಾರದು.

ಅಭ್ಯಾಸ (ಉತ್ತರ ನೋಡದೆ ಮಾಡಿರಿ)

1. ಒಬ್ಬ ಬೌಲರ್ ಒಂದು ಆಟದಲ್ಲಿ 3.4 ಓವರ್, ಇನ್ನೊಂದರಲ್ಲಿ 2.4 ಓವರ್ ಹಾಕಿದ. ಒಟ್ಟು ಎಷ್ಟು ಓವರು? (5.8 ಎಂದು ಬರೆದವರು ಪಾಠವನ್ನು ಮತ್ತೆ ಮೊದಲಿನಿಂದ ಓದಿರಿ!)

2. 97 ಬಾಲುಗಳನ್ನು ಓವರಿನಲ್ಲಿ ಹೇಗೆ ಬರೆಯುತ್ತೀರಿ?

3. 14.2 ಓವರಿಗೆ 92 ರನ್. ರನ್ ರೇಟ್ ಎಷ್ಟು?

ಉತ್ತರ: 1) 6.2 ಓವರ್ 2) 16.1 ಓವರ್ 3) 6.42

ಮೂರೂ ಸರಿ ಬಂದವರು ಬೇವಿನ ಮರದ ಕೆಳಗೆ ಬನ್ನಿರಿ. ಬೆಂಚಿನ ಮೇಲೆ ಇನ್ನೊಬ್ಬರಿಗೆ ಜಾಗವಿದೆ.