ಓದಲಾಗದ ಪುಟ

ಗಣಕಯಂತ್ರವು ತನ್ನ ಕಡತಗಳನ್ನು ಡಿಸ್ಕಿನಲ್ಲಿ ಕಾಪಿಡುತ್ತದೆ. ತಿರುಗುವ ಡಿಸ್ಕಿನಲ್ಲಿ ಬೇಕಾದ ಸ್ಥಳವನ್ನು ಹುಡುಕಿ ಓದಲು ಸೆಕೆಂಡಿನ ಸಾವಿರದಲ್ಲಿ ಕೆಲವು ಭಾಗಗಳಷ್ಟು ಕಾಲ ಹಿಡಿಯುತ್ತದೆ. ನಮಗೆ ಇದು ರೆಪ್ಪೆ ಮಿಟುಕಿಸುವಷ್ಟೂ ಅಲ್ಲ. ಗಣಕಕ್ಕಾದರೋ ದೀರ್ಘವಾದ ನಿರೀಕ್ಷೆ. ಆದುದರಿಂದ, ಗೃಹಿಣಿಯು ಉಗ್ರಾಣದ ಅಕ್ಕಿಯನ್ನು ಅಷ್ಟಷ್ಟಾಗಿ ತಂದು ಅಡುಗೆಮನೆಯ ಡಬ್ಬಿಯಲ್ಲಿ ತುಂಬಿಟ್ಟುಕೊಳ್ಳುವಂತೆ, ಆಪರೇಟಿಂಗ್ ಸಿಸ್ಟಂ ಎಂಬ ಕಾರ್ಯಾಚರಣ ವ್ಯವಸ್ಥೆಯು ಒಮ್ಮೆ ಓದಿದುದರ ಪ್ರತಿಯನ್ನು ವೇಗವಾದ ಸ್ಮೃತಿಯಲ್ಲಿ ಉಳಿಸಿಕೊಳ್ಳುತ್ತದೆ. ಈ ಸಂಗ್ರಹಕ್ಕೆ ಕ್ಯಾಶ್ ಎಂದು ಹೆಸರು. ಲಿನಕ್ಸ್ ವ್ಯವಸ್ಥೆಯಲ್ಲಿ ಇದರ ಒಂದೊಂದು ಪುಟವೂ ಸಾಮಾನ್ಯವಾಗಿ 4,096 ಬೈಟುಗಳಷ್ಟಿರುತ್ತದೆ.

ಡಿಸ್ಕಿಗೂ ಸವೆತವುಂಟು. ಬರೆದ ಮಾಹಿತಿಯೊಡನೆ ತಪ್ಪನ್ನು ತಿದ್ದಬಲ್ಲ ಸಂಕೇತಗಳೂ ಅದರಲ್ಲಿರುತ್ತವೆ. ಅವುಗಳಿಂದಲೂ ಸರಿಪಡಿಸಲಾಗದಿದ್ದರೆ ಡಿಸ್ಕು ಮತ್ತೆ ಮತ್ತೆ ಪ್ರಯತ್ನಿಸಿ, ಕಡೆಗೆ ‘ಓದಲಾಗಲಿಲ್ಲ’ ಎಂದು ತಿಳಿಸುತ್ತದೆ.

ಇಲ್ಲಿಯೇ ವ್ಯವಸ್ಥೆಯ ಪರೀಕ್ಷೆ. ಸ್ಮೃತಿಯಲ್ಲಿ ಪುಟಕ್ಕೆ ಸ್ಥಳವೇನೋ ಸಿದ್ಧವಾಗಿದೆ. ಆದರೆ ಅದರಲ್ಲಿ ಕಡತದ ಮಾಹಿತಿ ಬಂದಿಲ್ಲ. ಇದ್ದುದನ್ನೇ ನಿಜವೆಂದು ಒಪ್ಪಿಸಿದರೆ ರೋಗಿಯ ಔಷಧದ ಪ್ರಮಾಣವೋ ಜಮೀನಿನ ದಾಖಲೆಯ ಅಂಕಿಯೋ ಸದ್ದಿಲ್ಲದೆ ಬದಲಾದೀತು. ಈ ಅನರ್ಥವನ್ನು ತಡೆಯಲು ಲಿನಕ್ಸ್ ಪ್ರತಿಯೊಂದು ಪುಟಕ್ಕೂ ಒಂದು ಗುರುತನ್ನು ಇರಿಸಿದೆ. ಓದು ಯಶಸ್ವಿಯಾಗಿ ಮುಗಿದ ಮೇಲೆಯೇ ಆ ಗುರುತು ಬೀಳುತ್ತದೆ. ಓದು ವಿಫಲವಾದರೆ ಗುರುತು ಬೀಳದು. ಕೇಳಿದ ತಂತ್ರಾಂಶಕ್ಕೆ ಪುಟದ ಬದಲು ದೋಷದ ವರದಿಯೇ ಸಲ್ಲುತ್ತದೆ. ಮತ್ತೊಮ್ಮೆ ಕೇಳಿದಾಗ ವ್ಯವಸ್ಥೆಯು ಡಿಸ್ಕನ್ನು ಹೊಸದಾಗಿ ಓದಲು ಯತ್ನಿಸುತ್ತದೆ. ಸಡಿಲವಾದ ತಂತಿಯಂತಹ ತಾತ್ಕಾಲಿಕ ಕಾರಣದಿಂದಲೂ ಓದು ತಪ್ಪಿರಬಹುದಷ್ಟೆ.

ಬರೆಯುವಾಗಿನ ದೋಷವು ಇನ್ನೂ ಗಹನವಾದುದು. ಅಲ್ಲಿ ಹೊಸ ಮಾಹಿತಿ ಇರುವುದು ಸ್ಮೃತಿಯ ಪುಟದಲ್ಲಿ ಮಾತ್ರ. ಡಿಸ್ಕಿಗೆ ಬರೆಯಲಾಗದಿದ್ದರೂ ಲಿನಕ್ಸ್ ಆ ಪುಟವನ್ನು ‘ಬರೆದಾಯಿತು’ ಎಂಬ ಲೆಕ್ಕಕ್ಕೆ ಸೇರಿಸುತ್ತಿತ್ತು. ದೋಷವನ್ನು ಒಮ್ಮೆ ತಿಳಿಸಿ, ಎರಡನೆಯ ಬಾರಿ ಕೇಳಿದರೆ ‘ಎಲ್ಲವೂ ಸರಿ’ ಎನ್ನುತ್ತಿತ್ತು. 2018ರಲ್ಲಿ ಪೋಸ್ಟ್‌ಗ್ರೆಸ್ಕ್ಯೂಎಲ್ ಎಂಬ ದತ್ತಸಂಚಯವನ್ನು ರೂಪಿಸುವವರು ಇದನ್ನು ಕಂಡು ಬೆಚ್ಚಿದರು. ಆ ಎರಡನೆಯ ಉತ್ತರವನ್ನು ಅವರ ತಂತ್ರಾಂಶ ನಂಬುತ್ತಿತ್ತು. 2019ರ ಫೆಬ್ರುವರಿಯ ಆವೃತ್ತಿಗಳಿಂದ, ಇಂತಹ ದೋಷ ಕಂಡೊಡನೆ ಕೆಲಸವನ್ನು ನಿಲ್ಲಿಸಿ, ತನ್ನ ದಿನಚರಿಯ ಕಡತದಿಂದ ಮಾಹಿತಿಯನ್ನು ಪುನಃ ಕಟ್ಟಿಕೊಳ್ಳುವ ಕ್ರಮವನ್ನು ಅಳವಡಿಸಿದರು.

ನಿಂತುಹೋದ ಯಂತ್ರವನ್ನು ಮತ್ತೆ ನಡೆಸಬಹುದು. ಸುಳ್ಳು ಹೇಳಿದ ಯಂತ್ರದ ತಪ್ಪಾದರೋ ಅದನ್ನು ನಂಬಿದವರ ಲೆಕ್ಕಗಳಿಗೆಲ್ಲ ಹರಡುತ್ತದೆ. ‘ಓದಲಾಗಲಿಲ್ಲ’ ಎಂಬ ಮಾತು ಅಪ್ರಿಯವಾದರೂ ಹಿತವಾದುದು.

ಅಭ್ಯಾಸ

1. ಕ್ಯಾಶ್ ಎಂದರೇನು? ಅದರ ಅಗತ್ಯವೇನು?
2. ಪುಟದ ಗುರುತು ಯಾವಾಗ ಬೀಳುತ್ತದೆ? ಅದರಿಂದ ಆಗುವ ಪ್ರಯೋಜನವೇನು?
3. ಓದುವಾಗಿನ ದೋಷಕ್ಕಿಂತ ಬರೆಯುವಾಗಿನ ದೋಷವು ಗಹನವಾದುದು ಏಕೆ?